ಗಡಿನಾಡಿನ ಕಿವಿ

ಪುಣೆಯಿಂದ ಬೆಂಗಳೂರಿಗೆ ಬರುವ ಹೆದ್ದಾರಿಯಲ್ಲಿ ಕೊಲ್ಲಾಪುರ, ಕಾಗಲಗಳನ್ನು ಹಿಂದಿಕ್ಕಿ, ದೂಧಗಂಗೆಯನ್ನೂ ಯಮಗರ್ಣಿಯ ಬಳಿ ವೇದಗಂಗೆಯನ್ನೂ ದಾಟಿದ ಪ್ರಯಾಣಿಕನಿಗೆ ಎದುರಾಗುವ ದೊಡ್ಡ ಪೇಟೆ ನಿಪ್ಪಾಣಿ. ತಂಬಾಕಿನ ವಖಾರಿಗಳಿಂದಲೂ ಬೀಡಿಯ ಉದ್ಯಮದಿಂದಲೂ ಹೆಸರಾದ ಈ ಊರಿನಲ್ಲಿ ಕನ್ನಡ ಮರಾಠಿಗಳೆರಡೂ ಒಂದೇ ಅಂಗಡಿಯ ಕಟ್ಟೆಯ ಮೇಲೆ, ಅನೇಕ ವೇಳೆ ಒಂದೇ ವಾಕ್ಯದೊಳಗೆ, ಕೂಡಿ ನಡೆಯುತ್ತವೆ. ರಾಜ್ಯಗಳ ಮೇರೆಯು ಈ ಸೀಮೆಯಲ್ಲಿ ಬಹುಕಾಲ ಸ್ಥಿರವಾಗಿ ನಿಂತುದಿಲ್ಲ. ರಾಯಬಾಗವು 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಚಿಕ್ಕೋಡಿ ಅಥಣಿಗಳು ಮುಂಬಯಿಯ ಆಡಳಿತದಲ್ಲಿದ್ದು 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಕೂಡಿದವು. ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿತಾದರೂ ಅದು ಕಾರ್ಯಗತವಾಗದೆ ಊರು ಇದ್ದಲ್ಲಿಯೇ ಉಳಿಯಿತು. ಇಷ್ಟೆಲ್ಲ ಎಳೆದಾಟದ ನಡುವೆ ಯಾವ ಗಡಿಯನ್ನೂ ಲೆಕ್ಕಿಸದೆ ಈ ಸೀಮೆಯ ಚಾವಡಿಗಳನ್ನೂ ತರುವಾಯ ಮನೆಗಳನ್ನೂ ಹೊಕ್ಕ ವಸ್ತುವೊಂದುಂಟು; ಅದು ಬಾನುಲಿಯ ಧ್ವನಿ. ಸರ್ವರಿಗೂ ತೆರೆದಿದ್ದ ಆ ಧ್ವನಿಯು ಕಿವಿ ಮಂದವಾದವರನ್ನು ಮುಟ್ಟಲು ಎಷ್ಟು ಕಾಲ ಹಿಡಿಯಿತು, ದಾರಿಯಲ್ಲಿ ಯಾವ ಯಾವ ಬೇಲಿಗಳು ಅದಕ್ಕೆ ಅಡ್ಡ ಬಂದವು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮುಂಬಯಿಯಲ್ಲಿ 1927ರ ಜುಲೈ 23ರಂದು ಪ್ರಸಾರವು ಆರಂಭವಾದಾಗ ಆ ಕೇಂದ್ರದ ಶಕ್ತಿ ಕೇವಲ ಒಂದೂವರೆ ಕಿಲೋವಾಟ್. ಅದರ ಮಧ್ಯಮ ತರಂಗದ ಮಾತು ಸಹ್ಯಾದ್ರಿಯನ್ನು ಹತ್ತಿ ಇಳಿದು ಕೃಷ್ಣೆಯ ಬಯಲನ್ನು ಸೇರುವಷ್ಟು ಬಲವುಳ್ಳದ್ದಾಗಿರಲಿಲ್ಲ. 1938ರಲ್ಲಿ ಹ್ರಸ್ವತರಂಗದ ಪ್ರಸಾರವು ಬಂದ ಮೇಲೆಯೇ ಇತ್ತಣ ಊರುಗಳಲ್ಲಿ ರೇಡಿಯೋ ಎಂಬ ಪೆಟ್ಟಿಗೆಗೆ ಅರ್ಥವುಂಟಾಯಿತು. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರವು ತೆರೆದು, ಮಲ್ಲಿಕಾರ್ಜುನ ಮನ್ಸೂರರಂಥವರು ಅದರ ಸಂಗೀತ ವಿಭಾಗಕ್ಕೆ ಸಲಹೆಗಾರರಾಗಿ ನಿಂತ ಬಳಿಕ ಕನ್ನಡದ ಮಾತೂ ಹಾಡೂ ಸಮೀಪದಿಂದಲೇ ಕೇಳಿಬಂದವು. 1953ರಲ್ಲಿ ಪುಣೆ, 1963ರಲ್ಲಿ ಸಾಂಗಲಿ ಕೇಂದ್ರಗಳು ಬಂದುವು. ಹೀಗಾಗಿ ಕಾಗವಾಡದ ಅಥವಾ ಶೇಡಬಾಳದ ರೈತನೊಬ್ಬನು ಸಂಜೆ ಗುಂಡಿಯನ್ನು ಒಂದಿಷ್ಟು ಹೊರಳಿಸಿದರೆ ಕನ್ನಡದ ಕೃಷಿವಾರ್ತೆಯೂ ಮತ್ತಿಷ್ಟು ಹೊರಳಿಸಿದರೆ ಮರಾಠಿಯ ಪೇಟೆಧಾರಣೆಯೂ ದೊರೆಯುತ್ತಿದ್ದವು.

ನೆರೆಯ ಕೊಲ್ಲಾಪುರ ಜಿಲ್ಲೆಯಲ್ಲಿ ಆಗ ನಡೆದ ಒಂದು ಪ್ರಯೋಗವನ್ನು ಇಲ್ಲಿ ಸ್ಮರಿಸತಕ್ಕದ್ದು. 1956ರ ಮೊದಲ ತಿಂಗಳುಗಳಲ್ಲಿ ಯುನೆಸ್ಕೋದ ಸಹಾಯದಿಂದ ಆಕಾಶವಾಣಿಯು ಮುಂಬಯಿ ರಾಜ್ಯದ ಐದು ಮರಾಠಿ ಜಿಲ್ಲೆಗಳ 150 ಹಳ್ಳಿಗಳಲ್ಲಿ ಗ್ರಾಮೀಣ ರೇಡಿಯೋ ಗೋಷ್ಠಿಗಳನ್ನು ಏರ್ಪಡಿಸಿತು. ವಾರಕ್ಕೆರಡು ಸಲ ಪುಣೆ ಕೇಂದ್ರದಿಂದ ಅರ್ಧ ಗಂಟೆಯ ಕಾರ್ಯಕ್ರಮವು ಬರುವುದು, ಹಳ್ಳಿಯವರು ಒಟ್ಟಿಗೆ ಕುಳಿತು ಕೇಳುವುದು, ಕೇಳಿದುದನ್ನು ಚರ್ಚಿಸಿ ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆದು ಕಳುಹಿಸುವುದು, ಇದು ಅದರ ಕ್ರಮ. ಅಕ್ಷರ ಬಾರದವನಿಗೂ ಅದರಲ್ಲಿ ಸಮಾನವಾದ ಸ್ಥಾನವಿತ್ತು. ಓದು ಬರಹಗಳ ಅಭಾವವನ್ನು ಕಿವಿಯೊಂದೇ ತುಂಬಿಕೊಡಬಲ್ಲದೆಂಬ ವಿಶ್ವಾಸದ ಮೇಲೆಯೇ ಆ ಯೋಜನೆಯು ನಿಂತಿತ್ತು. ಆದರೆ ಆ ಸಭೆಯ ಅಂಚಿನಲ್ಲಿ ಅಂಗೈಯನ್ನು ಕಿವಿಯ ಹಿಂದೆ ಮರೆಮಾಡಿಕೊಂಡು, ಪಕ್ಕದವನ ಮುಖವನ್ನೇ ನೋಡುತ್ತ, ಉಳಿದವರು ನಕ್ಕಾಗ ತಾನೂ ನಗುವ ಮುದುಕನ ವಿಷಯವು ಯಾವ ಯೋಜನೆಯಲ್ಲಿಯೂ ಇರಲಿಲ್ಲ. ಅಕ್ಷರವಿಲ್ಲದವನಿಗೆ ರೇಡಿಯೋ ತೆರೆದ ಬಾಗಿಲು ಕಿವಿಯಿಲ್ಲದವನ ಪಾಲಿಗೆ ಮುಚ್ಚಿಯೇ ಇತ್ತು.

ನಿಪ್ಪಾಣಿಯ ಮುಖ್ಯ ಉದ್ಯೋಗವನ್ನು ನೆನೆದರೆ ಈ ನಷ್ಟದ ತೂಕವು ಚೆನ್ನಾಗಿ ಗೊತ್ತಾಗುವುದು. ಬೀಡಿ ಕಟ್ಟುವುದು ಕೈಗಳೆರಡನ್ನೂ ಕಣ್ಣುಗಳೆರಡನ್ನೂ ಬೇಡುವ ಕೆಲಸ. ಎಲೆಯನ್ನು ಕತ್ತರಿಸಿ, ತಂಬಾಕನ್ನು ಹರವಿ, ಸುರುಳಿ ಸುತ್ತಿ, ತುದಿಯನ್ನು ಮಡಿಸಿ, ದಾರವನ್ನು ಬಿಗಿಯುವ ಹೆಂಗಸಿಗೆ ದಿನವಿಡೀ ಬಿಡುವಾಗಿ ಉಳಿಯುವ ಇಂದ್ರಿಯವೆಂದರೆ ಕಿವಿಯೊಂದೇ. ತಂಬಾಕಿನ ಕೆಲಸಕ್ಕೂ ಕೇಳುವಿಕೆಗೂ ಇರುವ ಈ ನಂಟನ್ನು ಜಗತ್ತಿನ ಬೇರೆಡೆಗಳಲ್ಲಿಯೂ ಜನ ಕಂಡುಕೊಂಡಿದ್ದರು. ಕ್ಯೂಬಾದ ಚುಟ್ಟಾ ಕಾರ್ಖಾನೆಗಳಲ್ಲಿ 1865ರಿಂದ ಓದುಗನೊಬ್ಬನು ಎತ್ತರದ ಪೀಠದ ಮೇಲೆ ಕುಳಿತು ಕೆಲಸಗಾರರಿಗೆ ಪತ್ರಿಕೆಗಳನ್ನೂ ಕಾದಂಬರಿಗಳನ್ನೂ ಓದಿ ಹೇಳುವ ಪದ್ಧತಿಯು ನಡೆದುಬಂತು. ಕಣ್ಣೂರಿನ ಬೀಡಿ ಕಾರ್ಮಿಕರಲ್ಲಿಯೂ ಪತ್ರಿಕೆಯನ್ನು ಗಟ್ಟಿಯಾಗಿ ಓದಿಸಿ ಕೇಳುವ ವಾಡಿಕೆಯಿತ್ತು. ಮನೆಯಂಗಳದಲ್ಲಿ ಮೊರವನ್ನು ಮಡಿಲ ಮೇಲಿಟ್ಟುಕೊಂಡು ಕಟ್ಟುವವರಿಗಾದರೆ ನೆರೆಯವರ ಮಾತು, ಹಾಡು, ಗೂಡಿನಲ್ಲಿಟ್ಟ ರೇಡಿಯೋ ಇವೇ ಓದುಗರು. ನಿಪ್ಪಾಣಿಯ ವಖಾರಿಗಳ ಹೆಣ್ಣಾಳುಗಳು ಸಂಘಟಿತರಾದ ಕಥೆಯನ್ನು ‘ಯುಗಾಂತರ’ ಎಂಬ ಚಿತ್ರತಂಡವು 1982ರಲ್ಲಿ ಸಾಕ್ಷ್ಯಚಿತ್ರವಾಗಿ ತೆಗೆದಾಗ ಅದರ ಸತ್ತ್ವವೆಲ್ಲ ಆ ಹೆಂಗಸರ ಮಾತಿನಲ್ಲಿಯೇ ಇತ್ತು. ಒಬ್ಬಳ ದನಿಯನ್ನು ಇನ್ನೊಬ್ಬಳು ಕೇಳಿದುದರಿಂದ ಸಂಘವು ಹುಟ್ಟಿತು. ಇಂಥ ಕಡೆ ಕಿವಿಯನ್ನು ಕಳೆದುಕೊಂಡವಳು ಸುದ್ದಿಯನ್ನು ಮಾತ್ರವೇ ಕಳೆದುಕೊಳ್ಳುವುದಿಲ್ಲ, ಕೂಟವನ್ನೂ ಕಳೆದುಕೊಳ್ಳುತ್ತಾಳೆ.

ಇನ್ನು ಶ್ರವಣಯಂತ್ರದ ಪೂರ್ವೋತ್ತರ. ರೇಡಿಯೋ ಹಾಗೂ ಶ್ರವಣಯಂತ್ರಗಳು ಒಂದೇ ಕುಲದ ಮಕ್ಕಳೆಂಬುದು ಬಹುಜನರಿಗೆ ತಿಳಿಯದು. ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಅಮೆರಿಕದ ಮಿಲ್ಲರ್ ರೀಸ್ ಹಚಿನ್‌ಸನ್ ಎಂಬಾತನು ಟೆಲಿಫೋನಿನ ಇಂಗಾಲದ ಮೈಕನ್ನು ಬಳಸಿ ಮೊದಲ ವಿದ್ಯುತ್ ಶ್ರವಣಯಂತ್ರವನ್ನು ರಚಿಸಿದನು. 1920ರ ದಶಕದಲ್ಲಿ ರೇಡಿಯೋವಿಗೆ ಜೀವವಾಗಿದ್ದ ನಿರ್ವಾತ ಕವಾಟವೇ ಇದಕ್ಕೂ ಬಂತು. ವಿದ್ಯುತ್ತಿಲ್ಲದ ಹಳ್ಳಿಯ ರೇಡಿಯೋವಿಗೆ ತಂತುವನ್ನು ಕಾಯಿಸಲೊಂದು, ಧ್ವನಿಯನ್ನು ಹಿಗ್ಗಿಸಲೊಂದು ಎಂದು ಎರಡು ಬಗೆಯ ಬ್ಯಾಟರಿಗಳು ಬೇಕಾಗಿದ್ದಂತೆಯೇ ಕವಾಟದ ಶ್ರವಣಯಂತ್ರವನ್ನು ಧರಿಸಿದವನೂ ಎರಡನ್ನೂ ಮೈಮೇಲೆ ಹೊತ್ತು ತಿರುಗಬೇಕಾಗಿತ್ತು. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತಷ್ಟೆ. ಜನಸಾಮಾನ್ಯರು ಕೊಳ್ಳುವ ವಸ್ತುಗಳಲ್ಲಿ ಅದು ಪ್ರಪ್ರಥಮವಾಗಿ ಸೇರಿದ್ದು ರೇಡಿಯೋವನ್ನಲ್ಲ, ಶ್ರವಣಯಂತ್ರವನ್ನು. 1952ರ ಕೊನೆಯಲ್ಲಿ ಸೋನೋಟೋನ್ ಸಂಸ್ಥೆಯ ಯಂತ್ರವು ಬಂದು, ಸುಮಾರು ಎರಡು ವರುಷ ಕಳೆದ ಮೇಲೆಯೇ ಮೊದಲ ಟ್ರಾನ್ಸಿಸ್ಟರ್ ರೇಡಿಯೋ ಮಾರುಕಟ್ಟೆಯನ್ನು ಕಂಡಿತು. ಆ ಪ್ರಯೋಗಾಲಯವು ಯಾರ ಹೆಸರನ್ನು ಹೊತ್ತಿದೆಯೋ ಆ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ಟೆಲಿಫೋನಿಗೆ ಮೊದಲು ಕಿವುಡ ಮಕ್ಕಳ ಶಿಕ್ಷಕನಾಗಿದ್ದನು, ಅವನ ತಾಯಿಯೂ ಪತ್ನಿಯೂ ಕಿವುಡರಾಗಿದ್ದರು. ಆ ಸ್ಮರಣೆಯಿಂದ ಶ್ರವಣಯಂತ್ರಗಳಲ್ಲಿ ಬಳಸುವ ಟ್ರಾನ್ಸಿಸ್ಟರಿಗೆ ಗೌರವಧನವನ್ನು ಕೇಳಬಾರದೆಂದು ಹಕ್ಕುದಾರರು ನಿಶ್ಚಯಿಸಿದರು. ಮುಂದೆ ಬಂದ ಬೇಲಿಗಳ ಕಥೆಯನ್ನು ಓದುವಾಗ ಈ ಔದಾರ್ಯವನ್ನು ನೆನಪಿನಲ್ಲಿಡಬೇಕು.

ನಮ್ಮ ನಾಡಿನಲ್ಲಿ ವಾಕ್‌ಶ್ರವಣಗಳ ಶಾಸ್ತ್ರಕ್ಕೆ ನೆಲೆಯಾದುದು 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಅದು ಮಾನಸಗಂಗೋತ್ರಿಯ ಮರಗಳ ನೆರಳಿನಲ್ಲಿ ಬೆಳೆದು ಇಡೀ ದೇಶಕ್ಕೆ ಶ್ರವಣತಜ್ಞರನ್ನು ಕೊಟ್ಟಿತಾದರೂ ನಿಪ್ಪಾಣಿಗೆ ಅದು ರಾಜ್ಯದ ಇನ್ನೊಂದು ತುದಿ. ಚಿಕ್ಕೋಡಿ, ಅಥಣಿ, ಕಾಗವಾಡಗಳ ರೋಗಿಯು ಹಿಂದಿನಿಂದಲೂ ಹಿಡಿದ ದಾರಿಗಳು ಬೇರೆ: ಒಂದು, ಡಾ. ವಾನ್ಲೆಸ್ ಅವರು 1894ರಲ್ಲಿ ಆಸ್ಪತ್ರೆ ತೆರೆದಂದಿನಿಂದ ವೈದ್ಯನಗರಿಯೆನಿಸಿದ ಮೀರಜ, ಇನ್ನೊಂದು, ಬೆಳಗಾವಿ. 1972ರಲ್ಲಿ ಕಾನ್ಪುರದಲ್ಲಿ ಕೃತಕಾಂಗಗಳ ಸರಕಾರಿ ನಿಗಮವು ಏರ್ಪಟ್ಟು, 1981ರಲ್ಲಿ ಕೇಂದ್ರ ಸರಕಾರವು ವಿಕಲಾಂಗರಿಗೆ ಸಾಧನಗಳನ್ನು ಹಂಚುವ ಯೋಜನೆಯನ್ನು ಕೈಗೊಂಡ ಬಳಿಕ ಶಿಬಿರಗಳ ಮೂಲಕ ಶ್ರವಣಯಂತ್ರವು ಬಡವನ ಕೈಗೂ ಬಂದಿತು. 2011ರ ಜನಗಣತಿಯು ದೇಶದಲ್ಲಿ ಶ್ರವಣವಿಕಲರೆಂದು ಎಣಿಸಿದ 50 ಲಕ್ಷಕ್ಕೂ ಮೀರಿದ ಜನರಲ್ಲಿ ಅನೇಕರಿಗೆ ಶ್ರವಣಯಂತ್ರವೆಂದರೆ ಇಂಥ ಶಿಬಿರದಲ್ಲಿ ದೊರೆತ ಜೇಬಿನ ಯಂತ್ರವೇ.

ಆ ಜೇಬಿನ ಯಂತ್ರವನ್ನು ಹತ್ತಿರದಿಂದ ನೋಡೋಣ. ಬೀಡಿಕಟ್ಟಿನಷ್ಟು ದೊಡ್ಡದಾದ ಪ್ಲಾಸ್ಟಿಕ್ ಡಬ್ಬಿ. ಒಳಗೆ ಪೆನ್ಸಿಲ್ ಸೆಲ್ಲು. ಮೇಲ್ಮೈಯಲ್ಲಿ ಮೈಕಿನ ಜಾಲರಂಧ್ರಗಳು. ಪಕ್ಕದಲ್ಲಿ ಬೆರಳಿನಿಂದ ತಿರುವುವ ಧ್ವನಿಚಕ್ರ. ಅಲ್ಲಿಂದ ಹೊರಟ ತಂತಿಯ ಕೊನೆಗೆ ಕಿವಿಯಲ್ಲಿ ಕೂರುವ ಗುಂಡಿ. ಕಿವಿಯ ಅಚ್ಚು ಸರಿಯಾಗಿ ಕೂಡದಿದ್ದರೆ ಅದು ಸಭೆಯಲ್ಲೆಲ್ಲ ಸಿಳ್ಳು ಹೊಡೆಯುವುದು. ಮೈಕು ಎದೆಯ ಮೇಲಿರುವುದರಿಂದ ಅಂಗಿಯ ಬಟ್ಟೆ ಉಜ್ಜಿದ ಸದ್ದು ಎದುರಿನವನ ಮಾತಿಗಿಂತ ಜೋರಾಗಿ ಕೇಳುವುದು. ಜೇಬಿಲ್ಲದ ಸೀರೆಯ ಹೆಂಗಸು ಅದನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡರಂತೂ ಸೆರಗಿನ ಸರಸರವೇ ಸರ್ವಸ್ವ. ಈ ಡಬ್ಬಿಯ ಮೇಲೆ ಎಂ ಮತ್ತು ಟಿ ಎಂಬ ಅಕ್ಷರಗಳುಳ್ಳ ಸಣ್ಣ ಗುಬುಟೊಂದಿತ್ತು. ಎಂ ಕಡೆಗೆ ಸರಿಸಿದರೆ ಮೈಕು ಕೆಲಸ ಮಾಡುವುದು. ಟಿ ಕಡೆಗೆ ಸರಿಸಿದರೆ ಮೈಕು ಮಲಗಿ, ಒಳಗಿನ ತಾಮ್ರದ ಸುರುಳಿಯೊಂದು ಎಚ್ಚರಗೊಳ್ಳುವುದು. ಟೆಲಿಫೋನಿನ ಕೈಗೊಳವೆಯಿಂದ ಸೋರುವ ಕಾಂತಕ್ಷೇತ್ರವನ್ನು ಆ ಸುರುಳಿ ಹಿಡಿದು ಮತ್ತೆ ಧ್ವನಿಯನ್ನಾಗಿ ಮಾಡುತ್ತಿತ್ತು. ಆದುದರಿಂದ ಎಸ್‌ಟಿಡಿ ಬೂತಿನಲ್ಲಿ ಜೇಬಿನ ಯಂತ್ರದವನು ಫೋನನ್ನು ಕಿವಿಗೆ ಹಿಡಿಯುವಂತಿರಲಿಲ್ಲ, ಎದೆಯ ಜೇಬಿಗೆ ಒತ್ತಿ ಹಿಡಿಯಬೇಕಾಗಿತ್ತು. ಇದರ ಮರ್ಮವನ್ನರಿಯದವರಿಗೆ ಅದು ಪರಿಹಾಸ್ಯವಾಗಿ ಕಂಡಿದ್ದರೂ ನಿಸ್ತಂತುವಾಗಿ ಧ್ವನಿಯನ್ನು ನೇರವಾಗಿ ಶ್ರವಣಯಂತ್ರಕ್ಕೆ ಸಾಗಿಸುವ ವಿದ್ಯೆಯ ಮೊದಲ ಪಾಠ ಅದೇ.

ಈ ವಿದ್ಯೆಯನ್ನು ಲಂಡನ್ನಿನಲ್ಲಿ ನೆಲಸಿದ್ದ ರಷ್ಯನ್ ಮೂಲದ ಜೋಸೆಫ್ ಪೋಲಿಯಾಕಾಫ್ ಎಂಬ ಯಂತ್ರಶಿಲ್ಪಿಯು 1930ರ ದಶಕದ ಕೊನೆಯ ಭಾಗದಲ್ಲಿ ಕಂಡುಹಿಡಿದು ಹಕ್ಕುಪತ್ರವನ್ನು ಪಡೆದನು. ಸಭಾಂಗಣದ ಸುತ್ತ ಒಂದು ತಂತಿಯ ಬಳೆಯನ್ನು ಹಾಸಿ ಅದರಲ್ಲಿ ಧ್ವನಿಯ ವಿದ್ಯುತ್ತನ್ನು ಹರಿಸಿದರೆ ಒಳಗೆ ಕುಳಿತ ಯಾರ ಸುರುಳಿಯಾದರೂ ಅದನ್ನು ಗ್ರಹಿಸಬಲ್ಲುದು. ಯಂತ್ರವು ಯಾವ ಕಂಪೆನಿಯದೆಂದು ಕೇಳುವವರಿಲ್ಲ. ಐರೋಪ್ಯ ರಾಷ್ಟ್ರಗಳ ದೇವಾಲಯಗಳಲ್ಲಿಯೂ ರಂಗಮಂದಿರಗಳಲ್ಲಿಯೂ ಈ ಬಳೆಯು ವ್ಯಾಪಕವಾಗಿ ಬಂದಿತು. ಆದರೆ ಟೆಲಿಫೋನಿನ ಸೋರಿಕೆ ತಯಾರಕನು ಬುದ್ಧಿಪೂರ್ವಕವಾಗಿ ಮಾಡಿದ ಉಪಕಾರವಾಗಿರಲಿಲ್ಲ, ಹಳೆಯ ವಿನ್ಯಾಸದ ಆಕಸ್ಮಿಕ ಫಲವಾಗಿತ್ತು. ಹೊಸ ವಿನ್ಯಾಸದ ಫೋನುಗಳು ಬಂದಾಗ ಸೋರಿಕೆ ನಿಂತು, ಶ್ರವಣಯಂತ್ರದ ಬಳಕೆದಾರರು ಏಕಾಏಕಿ ಫೋನಿನಿಂದ ದೂರವಾದರು. ಅಮೆರಿಕದಲ್ಲಿ ಅವರು ದೀರ್ಘಕಾಲ ಹೋರಾಡಿ 1988ರಲ್ಲಿ ಶಾಸನವನ್ನೇ ಮಾಡಿಸಿಕೊಂಡರು: ಫೋನು ಶ್ರವಣಯಂತ್ರದೊಂದಿಗೆ ಹೊಂದಿಕೊಳ್ಳತಕ್ಕದ್ದು. ಹೊಂದಾಣಿಕೆಯ ಭಾರವು ಕಿವುಡನ ಹೆಗಲಿನಿಂದ ಇಳಿದು ಮಾತನ್ನು ಸಾಗಿಸುವವನ ಹೆಗಲನ್ನು ಏರಿತು.

ಅನಂತರ ಮೊಬೈಲು ಬಂದಿತು. ಭಾರತದಲ್ಲಿ 1995ರಲ್ಲಿ ಕಾಲಿಟ್ಟ ಮೊಬೈಲು ಮುಂದಿನ ದಶಕದಲ್ಲಿ ತಂಬಾಕಿನ ದಲಾಲಿಯಿಂದ ಹಿಡಿದು ಕಬ್ಬಿನ ಗಾಡಿಯವನವರೆಗೆ ಎಲ್ಲರ ಕೈಗೂ ಸೇರಿತು. ಜಿಎಸ್‌ಎಂ ಪದ್ಧತಿಯ ಫೋನು ತನ್ನ ಅಲೆಗಳನ್ನು ಎಡೆಬಿಡದೆ ಹರಿಸದೆ ಸೆಕೆಂಡಿಗೆ 217 ಸಲ ತುಂಡುತುಂಡಾಗಿ ಚಿಮ್ಮಿಸುವುದರಿಂದ, ಹತ್ತಿರದಲ್ಲಿದ್ದ ಶ್ರವಣಯಂತ್ರವು ಆ ಚಿಮ್ಮುವಿಕೆಯನ್ನು ತನಗರಿವಿಲ್ಲದೆ ಗ್ರಹಿಸಿ ಭೋರೆಂದು ಗುಂಯ್ಗುಡುತ್ತಿತ್ತು. ಮೊಬೈಲಿನ ರೇಡಿಯೋ ಅಲೆಯನ್ನು ಶ್ರವಣಯಂತ್ರವು ಮೊದಮೊದಲಿಗೆ ಗ್ರಹಿಸಿದುದು ಹೀಗೆ, ಬೇಡವಾದ ಗದ್ದಲದ ರೂಪದಲ್ಲಿ! ಮುಂಬಯಿಯ ಮಗನು ಮಾಡಿದ ಕರೆಯನ್ನು ಕಿವಿಮಂದವಾದ ತಾಯಿಯು ಯಂತ್ರವನ್ನು ಕಳಚಿಟ್ಟು, ಬರಿಯ ಕಿವಿಗೆ ಫೋನನ್ನು ಒತ್ತಿಕೊಂಡು, ಎರಡೇ ಮಾತಾಡಿ ಸೊಸೆಯ ಕೈಗೆ ಕೊಡುವುದು ಆ ಕಾಲದ ಮನೆಗಳಲ್ಲಿ ವಾಡಿಕೆಯ ದೃಶ್ಯವಾಗಿತ್ತು.

ಬ್ಲೂಟೂತ್ ಎಂಬ ಅಲ್ಪದೂರದ ರೇಡಿಯೋವನ್ನು ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯು 1994ರಲ್ಲಿ ಆರಂಭಿಸಿ, 1998ರಲ್ಲಿ ಹಲವು ಕಂಪೆನಿಗಳು ಕೂಡಿ ಅದಕ್ಕೊಂದು ಸಂಘವನ್ನು ಕಟ್ಟಿದವು. ಅದನ್ನು ಶ್ರವಣಯಂತ್ರದಲ್ಲಿ ಇಡುವುದು ಸುಲಭವಾಗಿರಲಿಲ್ಲ. ಅದಕ್ಕೆ ಕಾರಣಗಳೂ ಸ್ಪಷ್ಟವಾಗಿವೆ. ಕಿವಿಯ ಹಿಂದೆ ಕೂರುವ ಯಂತ್ರದ ಜಿಂಕ್-ಏರ್ ಸೆಲ್ಲು ಸುಮಾರು 8 ಮಿಲಿಮೀಟರ್ ಅಗಲದ್ದು, 1.4 ವೋಲ್ಟಿನದು, ಅದರ ಅಲ್ಪ ಶಕ್ತಿಯಲ್ಲಿ ದಿನವಿಡೀ ರೇಡಿಯೋ ನಡೆಯದು. 2.4 ಗಿಗಾಹರ್ಟ್ಸಿನ ಅಲೆಯನ್ನು ನೀರಿನಿಂದ ತುಂಬಿದ ನಮ್ಮ ತಲೆಯೇ ಹೀರಿಕೊಳ್ಳುವುದರಿಂದ ಒಂದು ಕಿವಿಯ ಯಂತ್ರದಿಂದ ಇನ್ನೊಂದಕ್ಕೆ ಧ್ವನಿಯು ದಾಟದು. ಹಳೆಯ ಕ್ರಮದಲ್ಲಿ ಧ್ವನಿಯು ಸೆಕೆಂಡಿನ ಹತ್ತನೆಯ ಒಂದು ಪಾಲಿಗೂ ಮೀರಿ ತಡವಾಗುವುದುಂಟಾದ್ದರಿಂದ ದೂರದರ್ಶನದ ತುಟಿ ಮುಂದೆ, ಮಾತು ಹಿಂದೆ. ಈ ತೊಡಕುಗಳಿಂದ ಪಾರಾಗಲು 2000ದ ದಶಕದ ಕೊನೆಗೆ ತಯಾರಕರು ಒಂದು ಮಧ್ಯವರ್ತಿಯನ್ನು ತಂದರು: ಕೊರಳಿಗೆ ತೂಗುಹಾಕುವ ಪೆಟ್ಟಿಗೆ. ಅದು ಫೋನಿನಿಂದ ಬ್ಲೂಟೂತಿನ ಮೂಲಕ ಮಾತನ್ನು ಪಡೆದು, ಕೊರಳ ಸುತ್ತಲಿನ ತಂತಿಬಳೆಯ ಕಾಂತಕ್ಷೇತ್ರದಿಂದ ಕಿವಿಗಳಿಗೆ ಮುಟ್ಟಿಸುತ್ತಿತ್ತು. ಸಭಾಂಗಣದ ಸುತ್ತ ಹಾಸಿದ್ದ ಪೋಲಿಯಾಕಾಫನ ತಂತಿಯು ಮನುಷ್ಯನ ಕೊರಳಿಗೆ ಬಂದು ಸೇರಿತು. ಆದರೆ ಒಂದು ಕಂಪೆನಿಯ ಕೊರಳ ಪೆಟ್ಟಿಗೆಯು ಸಾಮಾನ್ಯವಾಗಿ ಅದೇ ಕಂಪೆನಿಯ ಕಿವಿಗೆ ಮಾತ್ರ ದಾರಿ ಬಿಡುತ್ತಿತ್ತು.

2014ರಲ್ಲಿ ಮಧ್ಯವರ್ತಿಯಿಲ್ಲದೆ ಐಫೋನಿನಿಂದ ನೇರವಾಗಿ ಧ್ವನಿಯನ್ನು ಪಡೆಯುವ ಯಂತ್ರಗಳನ್ನು ಡೆನ್ಮಾರ್ಕಿನ ಜಿಎನ್ ರೀಸೌಂಡ್ ಮೊದಲಾದವರು ಹೊರತಂದರು. ವಿದ್ಯೆಯು ಅದ್ಭುತವಾಗಿತ್ತು, ಬಾಗಿಲು ಒಂದೇ ಮನೆಗೆ ತೆರೆದಿತ್ತು. ನಮ್ಮ ದೇಶದಲ್ಲಿ ಬಹುಸಂಖ್ಯಾತರ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನು. ಅದಕ್ಕೆಂದು ಗೂಗಲ್ ಸಂಸ್ಥೆಯು 2018ರಲ್ಲಿ ಆಶಾ ಎಂಬ ಬೇರೊಂದು ಪದ್ಧತಿಯನ್ನು ಪ್ರಕಟಿಸಿತು, ಆದರೆ ಅದು ಫೋನಿಗೂ ಯಂತ್ರಕ್ಕೂ ಜೊತೆ ಕೂಡಿದ ಕಡೆ ಮಾತ್ರ ನಡೆಯಿತು. 2017ರಲ್ಲಿ ಸ್ವಿಟ್ಜರ್ಲೆಂಡಿನ ಫೋನಾಕ್ ಹಳೆಯ ಬ್ಲೂಟೂತನ್ನೇ ಪಳಗಿಸಿ ಸಾಮಾನ್ಯ ಮೊಬೈಲುಗಳಿಗೂ ಹೊಂದುವ ಯಂತ್ರವನ್ನು ತಂದಿತಷ್ಟೆ. ಅದರ ಆರಂಭದ ಮಾದರಿಯಲ್ಲಿ ಕರೆಯ ಮಾತು ಒಂದೇ ಕಿವಿಗೆ ಬರುತ್ತಿತ್ತು. ಇಂಥ ಅವ್ಯವಸ್ಥೆಯನ್ನು ನಿಪ್ಪಾಣಿಯ ಹಿರಿಯ ವ್ಯಾಪಾರಿಗೆ ವಿವರಿಸುವುದು ಕಷ್ಟವಾಗದು. ಊರಿಗೊಂದು ಸೇರು, ಪೇಟೆಗೊಂದು ಮಣ ಇದ್ದ ಕಾಲದಲ್ಲಿ ಒಂದು ಪೇಟೆಯ ತೂಕವನ್ನು ಇನ್ನೊಂದು ಪೇಟೆಯವನು ಒಪ್ಪದಿದ್ದುದನ್ನು ಅವನ ಹಿರಿಯರು ಕಂಡಿದ್ದರು; 1956ರ ಶಾಸನವಾಗಿ 1958ರ ಅಕ್ಟೋಬರಿನಿಂದ ಕಿಲೋಗ್ರಾಮು ಬರಲಾರಂಭಿಸಿದ ಮೇಲೆಯೇ ಆ ಜಗಳ ಶಮನವಾಯಿತು. ಕಿವಿಯ ಪೇಟೆಯಲ್ಲಿ ಸೇರು ಮಣಗಳ ಕಾಲವು ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಮುಂದುವರಿದಿತ್ತು.

ಸರ್ವಸಮ್ಮತವಾದ ಅಳತೆಗೋಲಿಗಾಗಿ ಐರೋಪ್ಯ ಶ್ರವಣಯಂತ್ರ ತಯಾರಕರ ಸಂಘವು 2014ರಲ್ಲಿ ಬ್ಲೂಟೂತ್ ಸಂಘದೊಂದಿಗೆ ಕೂಡಿಕೊಂಡಿತು. ಅದರ ಫಲವಾಗಿ 2020ರಲ್ಲಿ ಎಲ್‌ಇ ಆಡಿಯೋ ಎಂಬ ಹೊಸ ಪದ್ಧತಿಯು ಪ್ರಕಟವಾಯಿತು. ಎಲ್‌ಸಿ3 ಎಂಬ ಅದರ ಸಂಕೇತಕ್ರಮವು ಹಳೆಯದರ ಸುಮಾರು ಅರ್ಧದಷ್ಟು ಮಾಹಿತಿಯಲ್ಲಿಯೇ ಅದೇ ಮಟ್ಟದ ಧ್ವನಿಯನ್ನು ಸಾಗಿಸುವುದರಿಂದ ಸಣ್ಣ ಸೆಲ್ಲಿಗೆ ಭಾರವಾಗದು. ಎಡಬಲ ಕಿವಿಗಳಿಗೆ ಪ್ರತ್ಯೇಕ ಧಾರೆಗಳನ್ನು ಏಕಕಾಲದಲ್ಲಿ ಕಳುಹಿಸುವುದರಿಂದ ತಲೆಯ ಅಡ್ಡಿಯೂ ಇಲ್ಲ. ಎಲ್ಲಕ್ಕಿಂತ ಮಿಗಿಲಾದುದು ಅದರ ಮತ್ತೊಂದು ಅಂಗ. 2022ರಲ್ಲಿ ಅದಕ್ಕೆ ಆರಾಕ್ಯಾಸ್ಟ್ ಎಂಬ ಹೆಸರಿಟ್ಟರು. ಒಂದು ಪ್ರೇಷಕವು ಒಂದೇ ಫೋನಿಗೆ ಅಥವಾ ಒಂದೇ ಯಂತ್ರಕ್ಕೆ ಗಂಟುಬೀಳದೆ, ಸುತ್ತಲಿನ ಎಷ್ಟು ಕಿವಿಗಳಾದರೂ ಬಂದು ಸೇರುವಂತೆ ಧ್ವನಿಯನ್ನು ಬಯಲಿಗೆ ಬಿಡುತ್ತದೆ. ಕೇಳುವವನು ತನಗೆ ಬೇಕಾದುದನ್ನು ಆರಿಸಿಕೊಳ್ಳುತ್ತಾನೆ. ಧಾರವಾಡ, ಸಾಂಗಲಿಗಳ ನಡುವೆ ಗುಂಡಿಯನ್ನು ಹೊರಳಿಸುತ್ತಿದ್ದ ಕಾಗವಾಡದ ರೈತನಿಗೆ ಇದರಲ್ಲಿ ಹೊಸದೇನೂ ಕಾಣಲಾರದು. 1927ರ ಪ್ರಸಾರದಲ್ಲಿದ್ದ ಉದಾರ ತತ್ತ್ವವು, ಅಂದರೆ ಕೇಳುವವನು ಯಾರೆಂದು ವಿಚಾರಿಸದೆ ಎಲ್ಲರಿಗೂ ಮಾತನ್ನು ಬಿಡುವ ತತ್ತ್ವವು, ತೊಂಬತ್ತೈದು ವರುಷಗಳ ತರುವಾಯ ಕಿವುಡರ ಕಿವಿಯ ಬಾಗಿಲಿಗೆ ಬಂದು ನಿಂತಿತು.

ಬಾಗಿಲಿಗೆ ಬಂದುದು ಒಳಗೆ ಬಂದಂತಲ್ಲ. ಹಳೆಯ ಯಂತ್ರಗಳು ಈ ಹೊಸ ಪ್ರಸಾರವನ್ನು ಗ್ರಹಿಸಲಾರವು. ಆಂಡ್ರಾಯ್ಡ್ ಫೋನುಗಳಲ್ಲಿಯೂ ಅನೇಕವು ಅದನ್ನರಿಯವು. ಹೊಸ ಯಂತ್ರಗಳ ಬೆಲೆಯೋ ಬೀಡಿ ಕಟ್ಟುವವಳ ಕೈಗೆ ನಿಲುಕುವಂಥದಲ್ಲ. ಆದರೂ ಯಾವ ಕಡೆಯಿಂದ ಕೆಲಸವನ್ನು ತೊಡಗಬೇಕೆಂಬುದನ್ನು ಈ ಚರಿತ್ರೆಯು ತೋರಿಸಿಕೊಡುತ್ತದೆ. ನಾವು ಇದುವರೆಗೆ ಕಿವಿಯ ಕಡೆಯಿಂದಲೇ ಕೊಟ್ಟಿದ್ದೇವೆ: ಶಿಬಿರಗಳಲ್ಲಿ ಯಂತ್ರಗಳನ್ನು ಹಂಚಿ, ಟಿ ಎಂಬ ಅಕ್ಷರದ ಗುಬುಟನ್ನೂ ಕೊಟ್ಟು, ಅದು ಗ್ರಹಿಸಬಲ್ಲ ಒಂದು ತಂತಿಯ ಬಳೆಯನ್ನು ಊರಿನಲ್ಲಿ ಎಲ್ಲಿಯೂ ಹಾಸದೆ ಬಿಟ್ಟಿದ್ದೇವೆ. ಆ ಗುಬುಟು ಎಷ್ಟೋ ಜೇಬುಗಳಲ್ಲಿ ಒಮ್ಮೆಯೂ ಅತ್ತ ಸರಿಯದೆ ಸವೆದುಹೋಯಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸಾರ್ವಜನಿಕ ಸ್ಥಳಗಳೂ ಮಾಹಿತಿಯೂ ಎಲ್ಲರಿಗೂ ಸುಗಮವಾಗಿರಬೇಕೆಂದು ವಿಧಿಸಿದೆ. ಬಸ್ ನಿಲ್ದಾಣದ ಘೋಷಣೆ, ಬ್ಯಾಂಕಿನ ಕಟಕಟೆ, ನ್ಯಾಯಾಲಯದ ಪ್ರಶ್ನೆ, ಮಠದ ಪ್ರವಚನ, ನಗರಸಭೆಯ ಚರ್ಚೆ, ಇವುಗಳ ಧ್ವನಿವರ್ಧಕಕ್ಕೆ ಈಗಲೇ ಒಂದು ತಂತಿಯ ಬಳೆಯನ್ನೂ, ಹೊಸದಾಗಿ ಕೊಳ್ಳುವಾಗ ಒಂದು ಆರಾಕ್ಯಾಸ್ಟ್ ಪ್ರೇಷಕವನ್ನೂ ಜೋಡಿಸುವುದು ಸಭೆಗೆ ಮೈಕು ತರಿಸುವವರು ಮನಸ್ಸು ಮಾಡಿದರೆ ಆಗತಕ್ಕ ಕೆಲಸ. ಎರಡು ಭಾಷೆಗಳ ನಡುವೆ ಬಾಳುವ ಈ ಸೀಮೆಯ ಅಂಗಡಿಕಾರನು ಗಿರಾಕಿಯ ಭಾಷೆಯನ್ನು ತಾನೇ ಕಲಿತುಕೊಳ್ಳುತ್ತಾನೆ. ನನ್ನ ಭಾಷೆಯನ್ನು ಕಲಿತು ಬಾ ಎಂದು ಗಿರಾಕಿಯನ್ನು ಹೊರಗೆ ನಿಲ್ಲಿಸುವುದಿಲ್ಲ. ಕಿವಿ ಮಂದವಾದವರೊಡನೆ ನಮ್ಮ ಸಭೆಗಳೂ ಕಚೇರಿಗಳೂ ನಡೆದುಕೊಳ್ಳಬೇಕಾದುದು ಅದೇ ಕ್ರಮದಲ್ಲಿ.